ತಲೆ ತಗ್ಗಿಸಿದವರ ಮುಂದೆ

ಬಕೆಟ್ಟಿನಲ್ಲಿ ನೆನೆಹಾಕಿದ್ದ ಬೆತ್ತದ ಎಳೆಗಳನ್ನು ಒಂದೊಂದಾಗಿ ತೆಗೆದು, ಹಳೆಯ ಬಟ್ಟೆಯಲ್ಲಿ ಒರೆಸಿ, ಅಪ್ಪನ ಕೈಗೆ ಕೊಡುತ್ತಿದ್ದೆ. ಅವನು ಎಳೆಯನ್ನು ಕುರ್ಚಿಯ ಚೌಕಟ್ಟಿನ ತೂತಿಗೆ ಪೋಣಿಸಿ, ಬಿಗಿಯಾಗಿ ಎಳೆದು, ಜಾರದಂತೆ ಮರದ ಬೆಣೆ ಚುಚ್ಚಿ ಮತ್ತೆ ಕೈ ಚಾಚುತ್ತಿದ್ದ. ನಾನು ಇನ್ನೊಂದು ಕೊಡುತ್ತಿದ್ದೆ. ಮಾತಿಲ್ಲ. ಅಪ್ಪನ ಕೈ ಕೆಲಸದಲ್ಲಿದ್ದರೆ ಕಣ್ಣೂ ಅಲ್ಲೇ ಇರುತ್ತದೆ. ಕಣ್ಣು ನಮ್ಮ ಮೇಲಿಲ್ಲದಿದ್ದರೆ ಅವನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ.

ಮೊಳೆ ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತು ನಿಂತು ಅಪ್ಪನ ಕಿವಿ ಪೂರ್ತಿ ಹೋಗಿತ್ತು. ಆಗ ಅಕ್ಕನಿಗೆ ಹನ್ನೆರಡು ವರ್ಷ, ನಾನಿನ್ನೂ ತೊದಲುತ್ತಿದ್ದೆನಂತೆ. ಆಮೇಲೆ ಅವನು ಮನೆಯ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಗಳಿಗೆ ಹೊಸ ಹೆಣಿಗೆ ಹಾಕಿಕೊಡುವ ಕೆಲಸ ಹಿಡಿದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಾತು ಶುರು ಮಾಡುವ ಮೊದಲು ಮೇಜು ತಟ್ಟಬೇಕು, ಇಲ್ಲವೇ ನೆಲಕ್ಕೆ ಕಾಲು ಬಡಿಯಬೇಕು. ಆ ಅದುರುವಿಕೆಗೆ ಅಪ್ಪ ತಿರುಗುತ್ತಾನೆ. ಆಗ ಬಾಯಿ ಬಿಡಿಸಿ, ಕೈಯನ್ನೂ ಸೇರಿಸಿ ಹೇಳಬೇಕು. ನಡುವೆ ಅವನು ಬೇರೆ ಕಡೆ ನೋಡಿದರೆ ಅಲ್ಲೇ ನಿಲ್ಲಿಸಿ ಕಾಯಬೇಕು. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ನಡೆಯಲು ಕಲಿತ ಹಾಗೆ ಕಲಿತೆವು.

ಕಲಿಯದವಳು ಅಜ್ಜಿ ಒಬ್ಬಳೇ. ಅವಳು ಮಗನ ಬೆನ್ನಿಗೇ ಬೈಯುತ್ತಾಳೆ. "ಬೆನ್ನ ಹಿಂದೆ ಬೈಸಿಕೊಳ್ಳೋಕೆ ಇಷ್ಟು ಒಳ್ಳೆ ಮಗ ಯಾರಿಗೆ ಸಿಗ್ತಾನೆ? ಎದುರು ಮಾತೇ ಇಲ್ಲ," ಅನ್ನುತ್ತಾಳೆ.

ಅವತ್ತು ಬೆಳಿಗ್ಗೆ ಅಕ್ಕ ಒಳಗಿನಿಂದ ಬಂದು ನೆಲಕ್ಕೆ ಕಾಲು ಬಡಿದಳು. ಅಪ್ಪ ತಲೆ ಎತ್ತಿದ.

"ಹೇಗಿದೀನಿ?"

"ಭುಜ," ಅಂದ ಅಪ್ಪ. ಅಕ್ಕ ಭುಜ ಹಿಂದಕ್ಕೆ ತಂದಳು. "ಹ್ಞಾಂ. ಈಗ ಗೋದಾಮಿನವಳ ಹಾಗೆ ಕಾಣಲ್ಲ."

ಅಕ್ಕ ಔಷಧಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಳು. ಕಿಟಕಿಯಿಲ್ಲದ ಕೋಣೆ. ಮನೆಗೆ ಬಂದರೂ ಉಗುರಲ್ಲಿ ಅಂಟು. ಊರಾಚೆಯ ಕಣ್ಣಿನ ಆಸ್ಪತ್ರೆಯಲ್ಲಿ ವಿಚಾರಣೆಯ ಕೌಂಟರಿಗೆ ಒಬ್ಬಳು ಬೇಕು ಅಂತ ಗೊತ್ತಾದ ಮೇಲೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಬಾಗಿಲು ತೆರೆದ ಕೂಡಲೇ ಕಾಣುವ ಮೇಜು. ಬಂದವರು ಮೊದಲು ಅವಳನ್ನೇ ಕೇಳಬೇಕು. "ಎಲ್ಲಿಗೆ ಹೋಗ್ಬೇಕು, ಯಾರನ್ನ ನೋಡ್ಬೇಕು ಅಂತ ಕೇಳ್ತಾರೆ. ನಾನು ತಲೆ ಎತ್ತಿ ಹೇಳ್ತೀನಿ," ಎಂದು ನನ್ನ ಹತ್ತಿರ ಹೇಳಿದ್ದಳು. ಅದನ್ನು ಹೇಳುವಾಗ ಅವಳ ಮುಖ ನೋಡಿದರೆ, ಅವಳು ಕೇಳುತ್ತಿರುವುದು ಕೆಲಸವಲ್ಲ, ಬೇರೇನೋ ಅನ್ನಿಸುತ್ತಿತ್ತು.

ಅವಳನ್ನು ಸ್ಕೂಟರಿನಲ್ಲಿ ಬಿಡಲು ಅಮ್ಮನ ಅಣ್ಣ ಬಂದಿದ್ದ. ವಿಮೆ ಮಾವ ಅಂತಲೇ ನಾವು ಕರೆಯುವುದು. ವಿಮೆ ಕಂಪನಿಯವರು ಅವನಿಗೆ ತರಬೇತಿ ಕೊಟ್ಟಿದ್ದರು. ಅದನ್ನು ಯಾರ ಮೇಲಾದರೂ ಸುರಿಯದಿದ್ದರೆ ಅವನಿಗೆ ಸಮಾಧಾನವಿಲ್ಲ.

"ಮುಖದಲ್ಲಿ ನಗು ಇರ್ಬೇಕು, ಆದ್ರೆ ಹಲ್ಲು ಲೆಕ್ಕ ಹಾಕೋ ಹಾಗಲ್ಲ. ಕೈ ಕಟ್ಕೋಬೇಡ, ಬಾಗಿಲು ಹಾಕ್ಕೊಂಡ ಹಾಗೆ ಕಾಣುತ್ತೆ. ಸ್ವಲ್ಪ ಮುಂದಕ್ಕೆ ಬಾಗಿ ಕೂತ್ಕೋ. ಕಾಲು ಅಲ್ಲಾಡಿಸ್ಬೇಡ. ಕಣ್ಣು ನೋಡಿ ಮಾತಾಡು."

"ಇಷ್ಟೆಲ್ಲ ಮಾಡ್ತಾ ಕೂತ್ರೆ ಮಾತಾಡೋದು ಯಾವಾಗ?" ಅಂದಳು ಅಜ್ಜಿ.

"ಮಾತು ಆಮೇಲೆ ಅಮ್ಮಾ. ಮೊದಲು ಮೈ ಮಾತಾಡುತ್ತೆ."

"ನಿನ್ನ ಮೈ ಮಾತಾಡಿದ್ದು ಸಾಕಪ್ಪ. ನನ್ನ ಮಗನ ಕೊರಳಿಗೆ ಆಗಲೇ ಎರಡು ಪಾಲಿಸಿ ಕಟ್ಟಿದೀಯ."

ಅಪ್ಪ ಇಬ್ಬರ ಬಾಯಿಯನ್ನೂ ನೋಡಿಕೊಂಡು ನಕ್ಕ. ಆಮೇಲೆ ಅಕ್ಕನಿಗೆ ಹೇಳಿದ. "ಕಣ್ಣು ನೋಡೋದು ನಮ್ಮ ಮನೇಲಿ ಯಾರಿಗೂ ಹೇಳಿಕೊಡ್ಬೇಕಾಗಿಲ್ಲ. ಅವರು ನಿನ್ನ ನೋಡೋತನಕ ಬಾಯಿ ತೆಗೀಬೇಡಮ್ಮ. ನೋಡದೆ ಇರೋನಿಗೆ ಹೇಳಿದ್ದು ದಂಡ." ದನಿ ಬೀದಿಗೆ ಕೇಳುವಷ್ಟು ದೊಡ್ಡದಾಗಿತ್ತು. ಅಕ್ಕ ಅಂಗೈ ಕೆಳಗೆ ಮಾಡಿ ತೋರಿಸಿದಳು. ಅವನು ಇಳಿಸಿದ. "ಹೋಗ್ಬಾ. ಈ ವಿಷಯದಲ್ಲಿ ನಿನ್ನ ಮೀರಿಸೋರು ಅಲ್ಲಿ ಯಾರೂ ಇರಲ್ಲ."

ಸ್ಕೂಟರು ಓಣಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಬೆತ್ತ ಒಣಗುತ್ತಿದೆ ಅಂತ ಅಪ್ಪ ಕಾಲಿನಿಂದ ನೆಲ ತಟ್ಟಿದ.

ಸಂಜೆ ಅಕ್ಕ ಚಪ್ಪಲಿ ಬಿಟ್ಟ ರೀತಿಯಲ್ಲೇ ಅಮ್ಮನಿಗೆ ಗೊತ್ತಾಯಿತು. ಅಮ್ಮ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕಿಕೊಡುತ್ತಾಳೆ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಕೈ ತೊಳ್ಕೊಂಡು ಬಾ, ಊಟ ಮಾಡು," ಅಂದಳಷ್ಟೆ. ಅಕ್ಕ ಒಂದು ತುತ್ತು ಹಾಕಿಕೊಂಡು ತಟ್ಟೆಯನ್ನೇ ನೋಡುತ್ತಾ ಹೇಳಿದಳು.

"ಮೂರು ಜನ ಇದ್ರು. ವಯಸ್ಸಾದ ಡಾಕ್ಟ್ರು, ಒಬ್ಬಳು ಮೇಲ್ವಿಚಾರಕಿ, ಇನ್ನೊಬ್ಬ ಬರ್ಕೊಳ್ಳೋನು. ಪ್ರಶ್ನೆ ಕೇಳ್ತಿದ್ದೋನು ಆ ಬರ್ಕೊಳ್ಳೋನೇ. ಕೇಳಿದ, ತಲೆ ಬಗ್ಗಿಸಿದ, ಬರೆಯೋಕೆ ಶುರು ಮಾಡಿದ."

"ನೀನು?"

"ನಾನು ನಿಲ್ಲಿಸಿದೆ."

"ಯಾಕೆ?" ಅಂದ ಸುದ್ದಿ ಕೇಳಲು ಬಂದಿದ್ದ ಮಾವ.

"ಯಾಕೆ ಅಂದ್ರೆ? ಅವನು ನೋಡ್ತಿರ್ಲಿಲ್ಲ!"

ನನಗಂತೂ ಅದು ಸರಿಯಾಗಿಯೇ ಕಂಡಿತು.

"'ಹೇಳಿ, ಹೇಳಿ' ಅಂದ, ತಲೆ ಎತ್ತದೆ. ನಾನು ಬಾಯಿ ತೆಗೆದೆ, ಮಾತು ಬರ್ಲಿಲ್ಲ. ಉತ್ತರ ಗೊತ್ತಿತ್ತು ಮಾವ. ಪೂರ್ತಿ ಗೊತ್ತಿತ್ತು. ಆದ್ರೆ ಆ ನೆತ್ತಿ ನೋಡ್ಕೊಂಡು ಹೇಳೋಕೆ ಆಗ್ಲಿಲ್ಲ. ಆಮೇಲೆ..."

"ಆಮೇಲೆ?"

"ಮೇಜು ತಟ್ಟಿದೆ."

ಕುಡಿಯುತ್ತಿದ್ದ ನೀರು ಮಾವನ ನೆತ್ತಿಗೆ ಹತ್ತಿತು. "ಆಸ್ಪತ್ರೆಯೋರ ಮೇಜು ತಟ್ಟಿದ್ಯಾ? ಇಂಟರ್‌ವ್ಯೂನಲ್ಲಿ?"

"ಎರಡು ಸಲ. ಕೈಗೆ ಅಭ್ಯಾಸ. ಅವನು ಬೆಚ್ಚಿಬಿದ್ದ. 'ನಿಮಗೇನಾದ್ರೂ ಅವಸರವಾ' ಅಂತ ಕೇಳಿದ್ರು ಡಾಕ್ಟ್ರು."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೇಬಿಟ್ಟಳು. ಅಮ್ಮನಿಗೂ ತಡೆಯಲಾಗಲಿಲ್ಲ. ಅಕ್ಕನ ಕಣ್ಣು ತುಂಬಿದ್ದನ್ನು ನೋಡಿ ಇಬ್ಬರೂ ಒಟ್ಟಿಗೇ ನಿಲ್ಲಿಸಿದರು. ಅಪ್ಪನ ಕಣ್ಣು ಎಲ್ಲರ ಮುಖವನ್ನೂ ಸುತ್ತಿ ಬಂತು. ನಗು ಕಂಡಿತ್ತು, ಮಾತು ಸಿಕ್ಕಿರಲಿಲ್ಲ. "ಏನಂತೆ? ಸಿಕ್ತಂತಾ?"

ಅಕ್ಕ ಅವನ ಕಡೆ ತಿರುಗಿದಳು. ಬಾಯಿ ಬಿಡಿಸಿ, ಒಂದೊಂದೇ ಮಾತು ಹೇಳಿದಳು. "ಸಿಗಲಿಲ್ಲ. ನಿನ್ನಿಂದ. ನೋಡದೆ ಇರೋರ ಹತ್ರ ಮಾತಾಡೋಕೆ ನಂಗೆ ಬರಲ್ಲ. ನಿನ್ನಿಂದ!"

"ಏಯ್," ಅಂದಳು ಅಮ್ಮ. "ನಾಲಿಗೆ ಬಿಗಿ ಹಿಡಿ. ಅಪ್ಪನಿಗೆ ಹೇಳೋ ಮಾತಾ ಅದು?"

"ಮತ್ತೆ ಯಾರಿಗೆ ಹೇಳ್ಲಿ? ಕಾರ್ಖಾನೆಗಾ?"

ಅಪ್ಪ ತನ್ನ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದ. ತಟ್ಟೆ ತೊಳೆದಿಟ್ಟ. ಆಮೇಲೆ ಮುಂದಿನ ಕೋಣೆಗೆ ಹೋಗಿ ಅರ್ಧ ಹೆಣೆದ ಕುರ್ಚಿಯ ಮುಂದೆ ಸುಮ್ಮನೆ ಕೂತ.

ಬಾಗಿಲವರೆಗೂ ಬಂದು ಆ ಮೇಲ್ವಿಚಾರಕಿ ಒಂದು ಮಾತು ಹೇಳಿದ್ದಳಂತೆ. ಮುಂದಿನ ತಿಂಗಳು ಇನ್ನೊಂದು ಜಾಗ ಖಾಲಿಯಾಗುತ್ತದೆ, ತಯಾರಿ ಮಾಡಿಕೊಂಡು ಬನ್ನಿ ಅಂತ. ಅಕ್ಕ ಅದನ್ನೇ ಹಿಡಿದುಕೊಂಡಳು.

ಮರುದಿನದಿಂದಲೇ ಮನೆಯೊಳಗೆ ಅವಳು ಬೇರೆಯಾದಳು. ಮಾತಾಡುವಾಗ ಕೈ ಏಳಬಾರದು ಅಂತ ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ಅಡುಗೆಮನೆಗೆ ಬೆನ್ನು ಹಾಕಿಕೊಂಡು ಅಮ್ಮನ ಹತ್ತಿರ ಮಾತಾಡುತ್ತಿದ್ದಳು. ತುಟಿಯನ್ನು ಅಗಲಿಸದೆ, ಬೇರೆ ಮನೆಯ ಹುಡುಗಿಯರ ಹಾಗೆ ಮಾತಾಡುತ್ತಿದ್ದಳು. ಅಪ್ಪ ಅವಳ ಬಾಯಿಯ ಮೇಲೆ ಕಣ್ಣಿಟ್ಟು, ಕುತ್ತಿಗೆ ಚಾಚಿ ಪ್ರಯತ್ನಪಡುತ್ತಿದ್ದ. ಆಮೇಲೆ ನನ್ನ ಕಡೆ ನೋಡುತ್ತಿದ್ದ. ನಾನು ತಿರುಗಿಸಿ ಹೇಳುತ್ತಿದ್ದೆ: ಉಪ್ಪು ಕೇಳಿದಳು, ಗೋದಾಮಿನಲ್ಲಿ ಲಿಫ್ಟು ಕೆಟ್ಟಿದೆಯಂತೆ, ನಾಳೆ ಬೇಗ ಹೋಗಬೇಕಂತೆ.

"ಮೌನಗೌರಿಗೂ ಮಾತು ಬಂತು," ಅಂದಳು ಅಜ್ಜಿ ನನ್ನನ್ನು ನೋಡಿ. "ದೊಡ್ಡವಳು ಬಿಟ್ಟದ್ದನ್ನ ಚಿಕ್ಕವಳು ಎತ್ತಿಕೊಂಡ್ಳು."

ಅಪ್ಪ ಔಷಧಿ ಅಂಗಡಿಗೆ ಹೋಗುವಾಗ, ಗಿರಾಕಿ ದರ ಚೌಕಾಸಿ ಮಾಡುವಾಗ, ಎಲ್ಲಕ್ಕೂ ಅಷ್ಟು ವರ್ಷ ಜೊತೆಗಿದ್ದವಳು ಅಕ್ಕ. ಅವಳು ಗೋದಾಮಿನ ಕೆಲಸಕ್ಕೆ ಸೇರಿದ ಮೇಲೆ ಹಗಲಲ್ಲಿ ಮನೆಯಲ್ಲಿ ಯಾರಾದರೂ ಬೇಕಾಯಿತು. ನಾನು ಶಾಲೆ ಬಿಟ್ಟದ್ದು ಹಾಗೆ. ಬೇಸರ ಅಂತೇನಿಲ್ಲ. ಕುರ್ಚಿ ಕೊಡಲು ಬರುವವರು ಹೊರಗಿನ ಸುದ್ದಿ ತರುತ್ತಾರೆ. ಅವರು ಹೋದ ಮೇಲೆ ಅವರು ಕೂತ ಜಾಗ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ.

ಒಂದು ವಾರ ಹೀಗೇ ಹೋಯಿತು. ಆಮೇಲೆ ಒಂದು ಸಂಜೆ ಅಪ್ಪ ಗಿರಾಕಿಯ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿ, ನಡುವೆ ಮೇಜು ಎಳೆದು, ನೆಲ ಬಡಿದು ಎಲ್ಲರನ್ನೂ ಕರೆದ. ಅವನ ಕೈಯಲ್ಲಿ ಹಳೆಯ ಪೆನ್ಸಿಲು ಇತ್ತು.

"ಕೂತ್ಕೋ," ಅಂದ ಅಕ್ಕನಿಗೆ. "ನಾನು ಆ ಬರ್ಕೊಳ್ಳೋನು. ನಾನು ತಲೆ ಎತ್ತಲ್ಲ. ನೀನು ಮಾತಾಡ್ತಾನೇ ಇರ್ಬೇಕು."

"ನಿನಗೆ ಕೇಳಲ್ವಲ್ಲಪ್ಪ," ಅಂದಳು ಅಕ್ಕ.

"ಅದಕ್ಕೇ. ನನ್ನ ಮುಂದೆ ಹೇಳೋಕೆ ಬಂದ್ರೆ ಎಲ್ಲಿ ಬೇಕಾದ್ರೂ ಬರುತ್ತೆ."

"ನೀನು ನಿಲ್ಲಿಸಿದ್ಯೋ ಇಲ್ವೋ ಅವನಿಗೆ ಹೇಗೆ ಗೊತ್ತಾಗುತ್ತೆ?" ಅಂದಳು ಅಜ್ಜಿ. ಅಮ್ಮ ಅದನ್ನು ಅಪ್ಪನಿಗೆ ದಾಟಿಸಿದಳು.

ಅಪ್ಪ ನನ್ನನ್ನು ಹತ್ತಿರ ಕರೆದು ನನ್ನ ಕೈ ತೆಗೆದು ತನ್ನ ಭುಜದ ಮೇಲಿಟ್ಟುಕೊಂಡ. "ಅವಳು ಮಾತಾಡ್ತಿರೋವರೆಗೂ ಇಟ್ಟಿರು. ನಿಲ್ಲಿಸಿದ ಕೂಡ್ಲೇ ತೆಗಿ."

ಮೊದಲ ದಿನ ನನ್ನ ಕೈ ಭುಜದ ಮೇಲೆ ಇದ್ದದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಅಕ್ಕ "ನಾನು ಇಷ್ಟು ವರ್ಷ..." ಅನ್ನುವಳು, ಅಪ್ಪನ ನೆತ್ತಿ ನೋಡುವಳು, ನಿಲ್ಲುವಳು. ನಾನು ಕೈ ತೆಗೆಯುವೆ. ಅಪ್ಪ ತಲೆ ಎತ್ತದೆಯೇ ಪೆನ್ಸಿಲಿನಿಂದ ಮೇಜು ಕುಟ್ಟುವನು. ಮತ್ತೆ ಮೊದಲಿನಿಂದ. ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅಮ್ಮ, "ಬೆನ್ನು ಬಗ್ಗಿತು ನೋಡು," "ಉಗುರು ಕಚ್ಬೇಡ," ಅನ್ನುತ್ತಿದ್ದಳು. ಅಜ್ಜಿ ಡಾಕ್ಟರಾದಳು. ಕನ್ನಡಕ ಮೂಗಿನ ತುದಿಗಿಳಿಸಿ, "ನಿಮಗೆ ಮದುವೆ ಯಾವಾಗ?" ಅಂತ ಕೇಳಿದಳು. "ಅದನ್ನ ಅಲ್ಲಿ ಕೇಳಲ್ಲ ಅಜ್ಜಿ!" "ಅಲ್ಲಿ ಕೇಳಲ್ಲ ಅಂತಲೇ ಇಲ್ಲಿ ಕೇಳ್ತಿರೋದು."

ದಿನ ಕಳೆದ ಹಾಗೆ ನನ್ನ ಕೈ ಭುಜದ ಮೇಲೆ ಹೆಚ್ಚು ಹೊತ್ತು ನಿಲ್ಲತೊಡಗಿತು. ಅಕ್ಕನ ಕೈಗಳು ಮಡಿಲಲ್ಲಿ ತಾವಾಗಿಯೇ ಉಳಿದವು. ಮುಖ ಗಟ್ಟಿಯಾಗಲಿಲ್ಲ, ಬೆನ್ನು ನೆಟ್ಟಗಿತ್ತು. ಅವಳು ನೋಡಲು ಚೆನ್ನಾಗಿ ಕಾಣುತ್ತಿದ್ದಳು. ಅಪ್ಪ ಮಾತ್ರ ಅದನ್ನು ನೋಡುವ ಹಾಗಿರಲಿಲ್ಲ.

ಒಮ್ಮೆ ಬೆತ್ತ ಒರೆಸುತ್ತಿದ್ದಾಗ ಅವನು ನನ್ನ ಮಣಿಕಟ್ಟು ಹಿಡಿದು ಕೇಳಿದ. "ಅವಳ ದನಿ ಈಗ ಹೇಗಿದೆ? ನಂಗೆ ನೆನಪಿರೋದು ಅವಳು ಚಿಕ್ಕವಳಿದ್ದಾಗಿನದು. ಕೀಚಲು ದನಿ."

"ಅಮ್ಮನ ಹಾಗೆ," ಅಂದೆ. "ಸ್ವಲ್ಪ ಒಡಕು."

"ಓ, ಇವಳ ಹಾಗಾ?" ಅವನು ಒಂದು ಎಳೆ ಪೋಣಿಸಿ ಎಳೆದ. ಆಮೇಲೆ, "ನಿಂದು?"

"ನಂದು ಕಮ್ಮಿ ಅಪ್ಪ."

ಎರಡನೇ ಸಂದರ್ಶನಕ್ಕೆ ಮೂರ್ನಾಲ್ಕು ದಿನ ಇತ್ತು. ಆ ಸಂಜೆ ಅಕ್ಕ ಗೋದಾಮಿನಿಂದ ತಡವಾಗಿ, ಸುಸ್ತಾಗಿ ಬಂದಳು. ಬೇಡ ಅಂದಳು. ಅಪ್ಪ ಬಿಡಲಿಲ್ಲ. ತಲೆ ತಗ್ಗಿಸಿ ಪೆನ್ಸಿಲು ಹಿಡಿದು ಕೂತೇಬಿಟ್ಟ. ನಾನು ಕೈ ಇಟ್ಟೆ.

ಅಕ್ಕ ಎಂದಿನ ಉತ್ತರಗಳಿಂದಲೇ ಶುರು ಮಾಡಿದಳು. ತಾಳ್ಮೆ ಇದೆ, ಜನರ ಜೊತೆ ಬೆರೆಯುತ್ತೇನೆ, ಹೊತ್ತಿಗೆ ಸರಿಯಾಗಿ ಬರುತ್ತೇನೆ. ಆಮೇಲೆ ಅದೇ ದನಿಯಲ್ಲಿ, ಅದೇ ನಗುಮುಖದಲ್ಲಿ, ಕೈ ಅಲ್ಲಾಡಿಸದೆ ಮುಂದುವರಿದಳು.

"ಈ ಕೆಲಸ ಸಿಕ್ರೆ ನಾನು ಈ ಮನೇಲಿ ಇರಲ್ಲ ಅಪ್ಪ. ಆಸ್ಪತ್ರೆ ಹಿಂದೆ ಕೋಣೆ ಕೊಡ್ತಾರೆ, ಅಲ್ಲಿಗೆ ಹೋಗ್ತೀನಿ. ದೂರ ಅಂತಲ್ಲ. ದಿನಾ ಬಸ್ಸಲ್ಲಿ ಬರಬಹುದು. ಆದ್ರೂ ಹೋಗ್ತೀನಿ. ನಂಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಬೇಕು. ದೀಪ ಆರಿಸಿ ಮಾತಾಡಬೇಕು. ತಿರುಗಿಕೊಂಡು ಮಾತಾಡಬೇಕು. ಬಾಯಿ ತುಂಬ ಅನ್ನ ಇಟ್ಕೊಂಡು ಮಾತಾಡಬೇಕು."

ಅಜ್ಜಿ ಸುಲಿಯುತ್ತಿದ್ದ ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

"ನಾನು ಚಿಕ್ಕವಳಿದ್ದಾಗ, ಕಿವಿ ಇನ್ನು ಬರಲ್ಲ ಅಂತ ಕಿವಿ ಡಾಕ್ಟ್ರು ನಿನ್ನ ಮುಖ ನೋಡಿ ಹೇಳ್ಲಿಲ್ಲ. ನನ್ನ ಮುಖ ನೋಡಿ, 'ನಿಮ್ಮಪ್ಪನಿಗೆ ಹೇಳಿಬಿಡು ಮರಿ' ಅಂದ್ರು. ನೀನು ನನ್ನ ಬಾಯನ್ನೇ ನೋಡ್ತಾ ಕೂತಿದ್ದೆ. ನಾನು ಹೇಳಿದೆ. ಅವತ್ತಿಂದ ಎಲ್ಲ ಕೆಟ್ಟ ಸುದ್ದೀನೂ ನಾನೇ ಹೇಳ್ತಿದೀನಿ. ನೀನು ನನ್ನ ಬಾಯಿ ನೋಡ್ದಾಗೆಲ್ಲ, ಇನ್ನೇನು ಹೇಳ್ತಾಳೋ ಅಂತ ಹೆದರ್ಕೊಂಡಿರ್ತೀಯ. ನಂಗೆ ಕಾಣುತ್ತೆ. ನಿನ್ನ ಬಿಟ್ಟು ಹೋಗೋಕೆ ಆಸೆ ಅಂತಲ್ಲ ಅಪ್ಪ. ನಿನ್ನ ಹತ್ರ ಸುಮ್ನೆ ಏನಾದ್ರೂ ಹೇಳಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಏನೂ ಇಲ್ಲದ್ದು. ಸುಮ್ನೆ, ಕೆಲಸ ಮಾಡ್ತಾ ಮಾಡ್ತಾ."

ಅವಳು ನಿಲ್ಲಿಸಿದಳು. ನನಗೆ ಕೈ ತೆಗೆಯಲು ಮರೆತೇ ಹೋಯಿತು. ಸುಟ್ಟ ವಾಸನೆ ಬಂತು. ಅಮ್ಮನ ಕೈ ಪೆಟ್ಟಿಗೆಯ ಮೇಲೆಯೇ ಇತ್ತು, ಅದರ ಕೆಳಗೆ ಯಾರದೋ ಬಿಳಿ ಅಂಗಿ ಹೊಗೆಯಾಡುತ್ತಿತ್ತು. ಅಮ್ಮ ಚೀರಿ ಎತ್ತಿಕೊಂಡಳು. ನಾನು ಕೈ ತೆಗೆದೆ.

ಅಪ್ಪ ತಲೆ ಎತ್ತಿದ. ಮುಖ ಅರಳಿತ್ತು. "ಒಂದ್ಸಲಾನೂ ನಿಲ್ಲಿಸ್ಲಿಲ್ಲ! ಪೂರ್ತಿ ಹೇಳಿದ್ಲಲ್ಲ! ಚೆನ್ನಾಗಿ ಹೇಳಿದ್ಲಾ?" ಅವನು ಕೇಳಿದ್ದು ನನ್ನನ್ನು.

"ಚೆನ್ನಾಗಿ ಹೇಳಿದ್ಲು," ಅಂದೆ.

ಅಂಗಿಯವನು ಮರುದಿನ ಬಂದು ಬಾಯಿಗೆ ಬಂದ ಹಾಗೆ ಅಂದ. ಅಮ್ಮ ಹೊಸದು ತಂದುಕೊಟ್ಟಳು. "ಎಲ್ಲಿತ್ತು ನಿನ್ನ ಗಮನ?" ಅಂತ ಅಪ್ಪ ಕೇಳಿದಾಗ ಅವಳು ಬಿಂದಿಗೆ ಎತ್ತಿಕೊಂಡು ನೀರು ತರಲು ಹೋದಳು. ಅಕ್ಕ ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ, ಇನ್ನು ಬೇಕಾಗಿಲ್ಲ ಅಂದಳು. ಗಿರಾಕಿ ತನ್ನ ಕುರ್ಚಿಗಳನ್ನು ಒಯ್ದ.

ಅವಳಿಗೆ ಕೆಲಸ ಸಿಕ್ಕಿತು. ಸಂದರ್ಶನದಿಂದ ಬಂದವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ಹತ್ತಿರ ಮೊದಲು ಬಂದಳು. "ಅವನೇ ಇದ್ದ ಕಣೇ, ಆ ಬರ್ಕೊಳ್ಳೋನು. ಕೊನೇವರೆಗೂ ತಲೆ ಎತ್ತಲಿಲ್ಲ. ನಾನೂ ನಿಲ್ಲಿಸ್ಲಿಲ್ಲ. ಅಪ್ಪನ ನೆತ್ತಿ ಅಂದ್ಕೊಂಡೆ."

"ಅಪ್ಪನಿಗೆ ಹೇಳು," ಅಂದೆ.

"ಹೇಳ್ತೀನಿ," ಅಂದಳು. ಕೆಲಸ ಸಿಕ್ಕಿದ್ದನ್ನು ಮಾತ್ರ ಹೇಳಿದಳು. ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ನಕ್ಕ. ಅವತ್ತು ಯಾರೂ ಅಂಗೈ ಕೆಳಗೆ ಮಾಡಲಿಲ್ಲ. ಕೋಣೆಯ ವಿಷಯವನ್ನು ಎರಡು ದಿನ ಬಿಟ್ಟು ಅಮ್ಮ ಹೇಳಿದಳು: ರಾತ್ರಿ ಪಾಳಿ ಇರುತ್ತದೆ, ಬಸ್ಸು ಸಿಗುವುದಿಲ್ಲ, ಹಾಗಾಗಿ ಅಲ್ಲೇ ಇರಬೇಕಂತೆ. ಅಪ್ಪ ಅವಳ ಬಾಯಿಯನ್ನು ಕೊನೆಯವರೆಗೂ ನೋಡಿ, "ಆಯ್ತು," ಅಂದ. ಅಕ್ಕನ ಬಟ್ಟೆಯ ಪೆಟ್ಟಿಗೆಯನ್ನು ಬಸ್ಸಿನವರೆಗೂ ಅವನೇ ಹೊತ್ತ.

ಅಕ್ಕ ರಜೆ ಸಿಕ್ಕಾಗ ಬರುತ್ತಾಳೆ. ಮೊನ್ನೆ ಬಂದಿದ್ದಳು. ಉಗುರು ಶುಚಿಯಾಗಿತ್ತು, ಮುಖ ತುಂಬಿಕೊಂಡಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಅವಳು ಮಾತಾಡುತ್ತಲೇ ಇದ್ದಳು: ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಮುದುಕನೊಬ್ಬ ಅವಳ ದನಿಯನ್ನೇ ಗುರುತು ಹಿಡಿದು ಕೌಂಟರಿಗೆ ಬರುತ್ತಿದ್ದನಂತೆ. ಜೊತೆಯ ಹುಡುಗಿ ದೀಪ ಆರಿಸಿದ ಮೇಲೆಯೇ ಕತೆ ಶುರು ಮಾಡುತ್ತಾಳಂತೆ. ಹೇಳುತ್ತಾ ಅಮ್ಮನನ್ನು ನೋಡುವಳು, ಅಜ್ಜಿಯನ್ನು ನೋಡುವಳು, ನನ್ನನ್ನು, ಅಪ್ಪನನ್ನು, ಮತ್ತೆ ಅಮ್ಮನನ್ನು. ಎಲ್ಲರನ್ನೂ ಸಮವಾಗಿ ನೋಡಬೇಕು ಅಂತ ಅಲ್ಲಿ ಹೇಳಿಕೊಟ್ಟಿದ್ದಾರೆ. ಅಪ್ಪನಿಗೆ ಮಾತಿನ ಕಾಲು ಭಾಗ ಸಿಗುತ್ತಿತ್ತು. ಅವನು ಅಷ್ಟಕ್ಕೇ ತಲೆಯಾಡಿಸುತ್ತಿದ್ದ.

ಊಟ ಮುಗಿಯುತ್ತಾ ಬಂದಾಗ ಅವನು ಬೆರಳಿನಿಂದ ನೆಲ ತಟ್ಟಿದ. ನಾವು ನಾಲ್ವರೂ ಅವನ ಕಡೆ ತಿರುಗಿದೆವು.

"ಒಂದು ಕೇಳ್ಬೇಕಿತ್ತು," ಅಂದ. ದನಿ ಸರಿಯಾದ ಅಳತೆಯಲ್ಲಿತ್ತು. "ಅವತ್ತು ಅಂಗಿ ಸುಟ್ಟ ದಿನ. ನಾನು ತಲೆ ಬಗ್ಗಿಸಿದ್ದೆ. ಚಿಕ್ಕವಳ ಕೈ ನನ್ನ ಭುಜಾನ ಗಟ್ಟಿಯಾಗಿ ಹಿಡ್ಕೊಂಡಿತ್ತು. ಇಂಟರ್‌ವ್ಯೂ ಉತ್ತರ ಕೇಳ್ಕೊಂಡು ಇವಳು ಇಸ್ತ್ರಿ ಪೆಟ್ಟಿಗೆ ಮರೆಯೋಳಲ್ಲ. ಆಗಲೇ ಕೇಳೋಣ ಅಂದ್ಕೊಂಡೆ. ಕೆಲಸ ಸಿಗ್ಲಿ ಮೊದ್ಲು ಅಂತ ಸುಮ್ನಾದೆ."

ಅವನು ಅಮ್ಮನ ಬಾಯಿಯನ್ನು ನೋಡಿದ. ಅಜ್ಜಿಯದನ್ನು ನೋಡಿದ. ನನ್ನದನ್ನು, ಆಮೇಲೆ ಅಕ್ಕನದನ್ನು.

"ಅಷ್ಟು ಹೊತ್ತು ಅವಳೇನು ಹೇಳಿದ್ಲು?" ಅಂದ. "ನಂಗೂ ಹೇಳಿ."